ರಿವಾಲ್ವರ್ ನೆತ್ತಿಯ ಮೇಲೊಂದು ಕೆಂಪು ಚುಕ್ಕೆ: ಗುರಿಗೆ ಎಷ್ಟು ನೆರವು?

ಗದಗ: ಚುನಾವಣೆ ಘೋಷಣೆಯಾದೊಡನೆ ರಾಜ್ಯದ ಉಳಿದೆಡೆಗಳಂತೆ ರೋಣ, ನರಗುಂದ, ಗಜೇಂದ್ರಗಡಗಳಲ್ಲಿಯೂ ಪರವಾನಗಿದಾರರು ತಮ್ಮ ಆಯುಧಗಳನ್ನು ಪೊಲೀಸ್ ಠಾಣೆಗೆ ಒಪ್ಪಿಸುವ ಕ್ರಮವಿದೆ. ಬೆಳೆ ಕಾಯಲೆಂದು ಪಡೆದ ಒಂಟಿ ನಳಿಕೆಯ ಬಂದೂಕು, ಹಿರಿಯರಿಂದ ಬಂದ ಜೋಡು ನಳಿಕೆ, ಇವುಗಳ ನಡುವೆ ಅಲ್ಲೊಂದು ಇಲ್ಲೊಂದು ಕಾನ್ಪುರದ .32 ರಿವಾಲ್ವರ್. ವರ್ಷದ ಉಳಿದ ದಿನಗಳಲ್ಲಿ ಆ ರಿವಾಲ್ವರ್ ಬಹುತೇಕ ಬೀರುವಿನಲ್ಲಿಯೇ ಇರುತ್ತದೆ. ಆತ್ಮರಕ್ಷಣೆಗೆಂದು ಕೊಂಡ ಈ ಆಯುಧದಿಂದ ಕ್ರೀಡೆಯಾಗಿ ಗುರಿ ಅಭ್ಯಾಸ ಮಾಡಬಹುದೇ, ಅದರ ಮೇಲೆ ಈಗ ಎಲ್ಲೆಡೆ ಮಾತಿಗೆ ಬರುವ 'ರೆಡ್ ಡಾಟ್ ಸೈಟ್' ಅಳವಡಿಸಿದರೆ ಗುರಿ ಸುಧಾರಿಸುವುದೇ ಎಂಬುದು ಸಹಜ ಪ್ರಶ್ನೆ. ಕಣ್ಣಿಗೆ ನಲವತ್ತರ ಮಸುಕು ಕವಿದವರಿಗಂತೂ ಅದು ಆಕರ್ಷಕವಾಗಿಯೇ ಕಾಣುತ್ತದೆ.

ಉತ್ತರ ಹೌದು ಮತ್ತು ಅಲ್ಲ ಎಂಬ ಎರಡರ ನಡುವೆ ಇದೆ. ಅದನ್ನು ಅರಿಯಲು ಮೊದಲು ಕಣ್ಣಿನಿಂದ ಆರಂಭಿಸಬೇಕು.

ಮೂರು ದೂರ, ಒಂದು ಕಣ್ಣು

ಸಾಮಾನ್ಯ ರಿವಾಲ್ವರ್‌ನಲ್ಲಿ ಗುರಿ ಹಿಡಿಯಲು ಎರಡು ಲೋಹದ ಭಾಗಗಳಿರುತ್ತವೆ. ಹಿಂಬದಿಯಲ್ಲಿ ಒಂದು ಕಚ್ಚು, ನಳಿಕೆಯ ತುದಿಯಲ್ಲಿ ಒಂದು ಮೊನೆ. ಕಚ್ಚಿನ ನಡುವೆ ಮೊನೆಯನ್ನು ಕೂರಿಸಿ, ಅದರ ಆಚೆಗೆ ಗುರಿಫಲಕವನ್ನು ನೋಡಬೇಕು. ಕಚ್ಚು, ಮೊನೆ, ಫಲಕ ಈ ಮೂರೂ ಬೇರೆ ಬೇರೆ ದೂರದಲ್ಲಿವೆ. ಮನುಷ್ಯನ ಕಣ್ಣಾದರೋ ಒಂದು ಕ್ಷಣದಲ್ಲಿ ಒಂದೇ ದೂರವನ್ನು ಸ್ಪಷ್ಟವಾಗಿ ಕಾಣಬಲ್ಲದು. ಆದ್ದರಿಂದಲೇ ಎಲ್ಲ ತರಬೇತುದಾರರೂ ಮೊದಲ ಪಾಠವಾಗಿ ಹೇಳಿಕೊಡುವುದು: ಮೊನೆ ಸ್ಪಷ್ಟವಾಗಿರಲಿ, ಫಲಕ ಮಸುಕಾಗಿಯೇ ಇರಲಿ. ಹೊಸಬರಿಗೆ ಇದನ್ನು ನಂಬುವುದೇ ಕಷ್ಟ.

ನಲವತ್ತು ದಾಟಿದ ಮೇಲೆ ಕಣ್ಣಿನ ಮಸೂರದ ಬಾಗುವ ಗುಣ ಕುಂದುತ್ತದೆ. ಓದುವ ಕನ್ನಡಕ ಬರುವುದು ಇದೇ ಕಾರಣಕ್ಕೆ. ಚಾಚಿದ ಕೈಯ ತುದಿಯಲ್ಲಿರುವ ಮೊನೆ ಆಗ ಮಂಜಾಗುತ್ತದೆ. ಅನುಭವಿ ಗುರಿಕಾರನ ಅಂಕಗಳೂ ಇಲ್ಲಿಂದಲೇ ಇಳಿಯತೊಡಗುತ್ತವೆ.

ಮೊನೆ ಮಂಜಾದರೆ ಆಗುವ ನಷ್ಟವನ್ನು ಲೆಕ್ಕದಲ್ಲಿಯೇ ನೋಡಬಹುದು. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮದಂತೆ 25 ಮೀಟರ್ ಸೆಂಟರ್ ಫೈರ್ ಸ್ಪರ್ಧೆಯ ಆಯುಧದಲ್ಲಿ ಕಚ್ಚಿಗೂ ಮೊನೆಗೂ ನಡುವಿನ ಅಂತರ 220 ಮಿ.ಮೀ. ಮೀರುವಂತಿಲ್ಲ. ಆ ಗರಿಷ್ಠ ಅಂತರವೇ ಇದೆ ಎಂದುಕೊಳ್ಳೋಣ. ಕಚ್ಚಿನೊಳಗೆ ಮೊನೆ ಕೇವಲ ಅರ್ಧ ಮಿ.ಮೀ. ಪಕ್ಕಕ್ಕೆ ಸರಿದರೆ 25 ಮೀಟರ್ ಆಚೆ ಗುಂಡು ಸುಮಾರು 57 ಮಿ.ಮೀ. ಪಕ್ಕಕ್ಕೆ ಬೀಳುತ್ತದೆ. ಫಲಕದ ಹತ್ತು ಅಂಕದ ವೃತ್ತದ ವ್ಯಾಸ 50 ಮಿ.ಮೀ., ಅಂದರೆ ಕೇಂದ್ರದಿಂದ 25 ಮಿ.ಮೀ. ಮಾತ್ರ. ಅರ್ಧ ಮಿ.ಮೀ. ತಪ್ಪಿಗೆ ಹತ್ತು ಹೋಗಿ ಎಂಟು ಬಂತು. ಕಚ್ಚು-ಮೊನೆಗಳ ಅಂತರ 150 ಮಿ.ಮೀ. ಆಗಿದ್ದರೆ ಅದೇ ತಪ್ಪು 83 ಮಿ.ಮೀ.ಗೆ ಬೆಳೆಯುತ್ತದೆ. ಗಿಡ್ಡ ನಳಿಕೆಯ ರಿವಾಲ್ವರ್ ಗುರಿಗೆ ಕಷ್ಟ ಎಂಬ ಮಾತಿನ ತಿರುಳು ಇಷ್ಟೇ. ಗುಂಡಿನಲ್ಲಿ ದೋಷವಿಲ್ಲ, ನೋಟದ ಅಳತೆಗೋಲು ಗಿಡ್ಡವಾಗಿದೆ.

ಚುಕ್ಕೆ ಎಲ್ಲಿರುತ್ತದೆ?

ರೆಡ್ ಡಾಟ್ ಸೈಟ್ ಎಂದರೆ ಲೇಸರ್ ಎಂದು ತಿಳಿದವರು ಬಹಳ. ಚಲನಚಿತ್ರಗಳಲ್ಲಿ ಎದುರಾಳಿಯ ಎದೆಯ ಮೇಲೆ ಬಂದು ಕೂರುವ ಕೆಂಪು ಬೊಟ್ಟು ಲೇಸರ್. ಅದು ಬೇರೆಯೇ ಉಪಕರಣ. ರೆಡ್ ಡಾಟ್‌ನಿಂದ ಯಾವ ಕಿರಣವೂ ಫಲಕದತ್ತ ಹೋಗುವುದಿಲ್ಲ. ಚುಕ್ಕೆ ಕಾಣುವುದು ಗುರಿಕಾರನ ಕಣ್ಣಿಗೆ ಮಾತ್ರ.

ಉಪಕರಣದ ಹಿಂಬದಿಯಲ್ಲಿ ಒಂದು ಪುಟ್ಟ ಎಲ್‌ಇಡಿ ದೀಪವಿರುತ್ತದೆ. ಮುಂಬದಿಯಲ್ಲಿ ತುಸು ಬಾಗಿದ, ತುಸು ವಾಲಿಸಿದ ಗಾಜು. ಆ ಗಾಜಿನ ಲೇಪನ ಕೆಂಪು ಬೆಳಕನ್ನು ಹಿಂದಕ್ಕೆ ಪ್ರತಿಫಲಿಸಿ, ಉಳಿದ ಬೆಳಕನ್ನು ಹಾಗೆಯೇ ಬಿಡುತ್ತದೆ. ಗಾಜಿನ ಬಾಗು ಎಷ್ಟು ಲೆಕ್ಕಾಚಾರದ್ದೆಂದರೆ, ಕಣ್ಣಿಗೆ ಮರಳುವ ಕೆಂಪು ಕಿರಣಗಳೆಲ್ಲ ಸಮಾನಾಂತರವಾಗಿರುತ್ತವೆ. ಸಮಾನಾಂತರ ಕಿರಣಗಳು ಅತಿ ದೂರದಿಂದ ಬಂದವೆಂದು ಕಣ್ಣು ಭಾವಿಸುತ್ತದೆ. ಹೀಗಾಗಿ ಅಂಗೈ ದೂರದಲ್ಲಿರುವ ದೀಪ ದಿಗಂತದ ನಕ್ಷತ್ರದಂತೆ ಕಾಣುತ್ತದೆ. ಚುಕ್ಕೆಯೂ ಫಲಕವೂ ಒಟ್ಟಿಗೆ ಸ್ಪಷ್ಟ. ಮೂರು ದೂರಗಳ ಜಂಜಾಟ ಒಂದಕ್ಕೆ ಇಳಿಯುತ್ತದೆ. ಓದುವ ಕನ್ನಡಕದವರಿಗೆ ಇದು ವರದಾನ ಎನ್ನುವುದು ಈ ಅರ್ಥದಲ್ಲಿ.

ನಕ್ಷತ್ರದ ಹೋಲಿಕೆ ಅಪ್ರಸ್ತುತವಲ್ಲ. ಈ ತತ್ತ್ವಕ್ಕೆ 1900ರಲ್ಲಿ ಪೇಟೆಂಟ್ ಪಡೆದ ಐರ್ಲೆಂಡಿನ ಹೊವಾರ್ಡ್ ಗ್ರಬ್ ಮೂಲತಃ ದೂರದರ್ಶಕಗಳ ತಯಾರಕ. ನಮ್ಮ ನೆರೆಯ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದ 15 ಇಂಚಿನ ದೂರದರ್ಶಕ ಆತನದೇ ಕಾರ್ಖಾನೆಯದು. ಎರಡು ಮಹಾಯುದ್ಧಗಳಲ್ಲಿ ಯುದ್ಧವಿಮಾನಗಳಿಗೆ ಬಳಕೆಯಾದ ಈ ವಿದ್ಯೆ ಬ್ಯಾಟರಿ ಮತ್ತು ಎಲ್‌ಇಡಿ ಬಂದ ಮೇಲೆ ಕೈಗೆ ಎಟಕುವ ಗಾತ್ರಕ್ಕೆ ಇಳಿಯಿತು. ಸ್ವೀಡನ್ನಿನ ಏಮ್‌ಪಾಯಿಂಟ್ ಸಂಸ್ಥೆ 1975ರಲ್ಲಿ ಮೊದಲ ಎಲೆಕ್ಟ್ರಾನಿಕ್ ಮಾದರಿಯನ್ನು ಮಾರುಕಟ್ಟೆಗೆ ತಂದಿತು. ಅಮೆರಿಕದ ಬುಲ್ಸ್‌ಐ ಗುರಿ ಸ್ಪರ್ಧೆಗಳಲ್ಲಿ ಇಂದು ಈ ಚುಕ್ಕೆಯದೇ ಕಾರುಬಾರು.

ಗಾಜಿನ ನಡುವೆಯೇ ಚುಕ್ಕೆ ಇರಬೇಕೇ? ಇರಬೇಕಿಲ್ಲ. ಕಿರಣಗಳು ಸಮಾನಾಂತರವಾಗಿರುವುದರಿಂದ ಕಣ್ಣು ಪಕ್ಕಕ್ಕೆ ಸರಿದಷ್ಟೇ ಗುಂಡೂ ಸರಿಯುತ್ತದೆ, ದೂರಕ್ಕೆ ತಕ್ಕಂತೆ ಬೆಳೆಯುವುದಿಲ್ಲ. ಗಾಜಿನ ಅಗಲ 20 ಮಿ.ಮೀ. ಇದ್ದರೆ ಅಂಚಿನಿಂದ ನೋಡಿದರೂ ತಪ್ಪು ಹೆಚ್ಚೆಂದರೆ 10 ಮಿ.ಮೀ. ಆಸುಪಾಸು. ಕಚ್ಚು-ಮೊನೆಯ 57 ಮಿ.ಮೀ. ಲೆಕ್ಕದ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ಈ ಉಪಕರಣದ ನಿಜವಾದ ಬಲ ತಿಳಿಯುತ್ತದೆ. 'ಯಾವ ಕೋನದಿಂದ ನೋಡಿದರೂ ತಪ್ಪೇ ಇಲ್ಲ' ಎಂಬ ಮಾರಾಟಗಾರರ ಮಾತು ಮಾತ್ರ ಅತಿಶಯೋಕ್ತಿ.

ಚುಕ್ಕೆಯ ಗಾತ್ರವನ್ನು 'ಎಂಒಎ' ಎಂಬ ಕೋನಮಾನದಲ್ಲಿ ಹೇಳುತ್ತಾರೆ. ಒಂದು ಎಂಒಎ ಎಂದರೆ ಒಂದು ಡಿಗ್ರಿಯ 60ನೇ ಒಂದು ಭಾಗ. 25 ಮೀಟರ್ ದೂರದಲ್ಲಿ ಇದು ಸುಮಾರು 7 ಮಿ.ಮೀ. ಮೂರು ಎಂಒಎ ಚುಕ್ಕೆ ಅಲ್ಲಿ 22 ಮಿ.ಮೀ. ಜಾಗ ಮುಚ್ಚುತ್ತದೆ, ಆರು ಎಂಒಎ ಚುಕ್ಕೆ 44 ಮಿ.ಮೀ. ಅಂದರೆ ಹತ್ತರ ವೃತ್ತ ಹೆಚ್ಚುಕಡಿಮೆ ಮರೆಯಾಯಿತು. ಗುರಿಕ್ರೀಡೆಗೆ ಚಿಕ್ಕ ಚುಕ್ಕೆ, ಮಂದ ಹೊಳಪು ಒಳ್ಳೆಯದು. ಹೊಳಪು ಹೆಚ್ಚಿದರೆ ಚುಕ್ಕೆಯ ಸುತ್ತ ಗರಿ ಹುಟ್ಟಿ ಅದು ದೊಡ್ಡದಾಗಿಯೇ ಕಾಣುತ್ತದೆ.

ಅಳವಡಿಕೆಯ ಕಷ್ಟ

ಪಿಸ್ತೂಲಿಗಿಂತ ರಿವಾಲ್ವರ್‌ಗೆ ಇದನ್ನು ಅಳವಡಿಸುವುದು ಒಂದು ರೀತಿಯಲ್ಲಿ ಸುಲಭ. ಪಿಸ್ತೂಲಿನ ಮೇಲ್ಭಾಗ ಪ್ರತಿ ಗುಂಡಿಗೂ ಹಿಂದೆ-ಮುಂದೆ ಓಡುತ್ತದೆ. ಅದರ ಮೇಲೆ ಕುಳಿತ ಗಾಜೂ ಓಡಬೇಕು. ರಿವಾಲ್ವರ್‌ನಲ್ಲಿ ಸಿಲಿಂಡರಿನ ಮೇಲೆ ಹಾದುಹೋಗುವ ಪಟ್ಟಿ ನಿಶ್ಚಲ. ಅಮೆರಿಕದ ಸ್ಮಿತ್ ಅಂಡ್ ವೆಸನ್‌ನಂತಹ ಸಂಸ್ಥೆಗಳ ಹಲವು ರಿವಾಲ್ವರ್‌ಗಳಲ್ಲಿ ಹಿಂಬದಿಯ ಗುರಿದರ್ಶಕವನ್ನು ತೆಗೆದರೆ ಅದರಡಿ ಮರೆಹಾಕಿದ ರಂಧ್ರಗಳು ಸಿದ್ಧವಿರುತ್ತವೆ. ಅವುಗಳಿಗೆ ಒಂದು ಆಧಾರಪಟ್ಟಿಯನ್ನು ಸ್ಕ್ರೂಗಳಿಂದ ಬಿಗಿದು, ಅದರ ಮೇಲೆ ಚುಕ್ಕೆ ಉಪಕರಣವನ್ನು ಕೂರಿಸುತ್ತಾರೆ. ಎಣ್ಣೆಯ ಅಂಶ ಪೂರ್ತಿ ಒರೆಸಿ, ಸ್ಕ್ರೂ ಸಡಿಲವಾಗದಂತೆ ತಡೆಯುವ ಅಂಟಿನ ಒಂದು ಹನಿ ಹಾಕಿ, ತಯಾರಕರು ಹೇಳಿದ ಅಳತೆಗೆ ಮಾತ್ರ ಬಿಗಿಯಬೇಕು. ಕೈಬಲ ತೋರಿಸಿದರೆ ಮಂದನೆಯ ಪುಟ್ಟ ಸ್ಕ್ರೂವಿನ ಎಳೆ ಹರಿದುಹೋಗುತ್ತದೆ.

ಆದರೆ ನಮ್ಮ ಭಾಗದಲ್ಲಿ ಹೆಚ್ಚಾಗಿ ಕಾಣುವುದು ಆ ಮಾದರಿಯಲ್ಲ. ಕಾನ್ಪುರದ ಸಣ್ಣ ಶಸ್ತ್ರಾಸ್ತ್ರ ಕಾರ್ಖಾನೆಯ .32 ರಿವಾಲ್ವರ್ ಹಳೆಯ ಬ್ರಿಟಿಷ್ ವೆಬ್ಲಿಯ ವಂಶದ್ದು. ಆರು ಗುಂಡು, 76 ಮಿ.ಮೀ. ನಳಿಕೆ. ಗುಂಡು ತುಂಬಲು ಮೇಲಿನ ಕೊಂಡಿಯನ್ನು ಒತ್ತಿದರೆ ನಳಿಕೆ ಮುಂದಕ್ಕೆ ಬಾಗಿ ಆಯುಧ ಇಬ್ಭಾಗವಾಗಿ ತೆರೆಯುತ್ತದೆ. ಹಿಂಬದಿಯ ಕಚ್ಚು ಇರುವುದು ಈ ಕೊಂಡಿಯ ಮೇಲೆಯೇ. ಕೊಂಡಿ ಸವೆದು ಅಲುಗಿದರೆ ನೋಟವೂ ಅಲುಗುತ್ತದೆ.

ಇಲ್ಲಿ ಚುಕ್ಕೆ ಉಪಕರಣಕ್ಕೆ ಜಾಗ ಎಲ್ಲಿದೆ? ಕೊಂಡಿಯ ಮೇಲೆ ಚಾಚಿದರೆ ಆಯುಧ ತೆರೆಯುವುದಿಲ್ಲ. ಉಳಿಯುವುದು ಸಿಲಿಂಡರಿನ ಮೇಲಿನ ಪಟ್ಟಿ. ತತ್ತ್ವದ ದೃಷ್ಟಿಯಿಂದ ಅದು ಯೋಗ್ಯ ಸ್ಥಳವೇ. ನಳಿಕೆಯೂ ಆ ಪಟ್ಟಿಯೂ ಒಂದೇ ತುಂಡಾದ್ದರಿಂದ ಚುಕ್ಕೆ ನಳಿಕೆಯ ಜೊತೆಯೇ ಇರುತ್ತದೆ. ತೊಡಕಿರುವುದು ಲೋಹದಲ್ಲಿ. ಗುಂಡು ಹಾರುವಾಗಿನ ಎಳೆತವನ್ನು ಹೊರುವುದು ಇದೇ ತೆಳು ಪಟ್ಟಿ. ಇದರಲ್ಲಿ ರಂಧ್ರ ಕೊರೆದು ಎಳೆ ಹಾಕುವುದೆಂದರೆ ಹೊರೆ ಹೊತ್ತ ತೊಲೆಗೆ ಕೊಡಲಿ ಇಟ್ಟಂತೆ. ಸ್ಕ್ರೂ ಒಂದಿಷ್ಟು ಉದ್ದವಾದರೂ ಕೆಳಗಿನ ಸಿಲಿಂಡರಿಗೆ ತಾಗಿ ತಿರುಗುವಿಕೆ ನಿಲ್ಲುತ್ತದೆ. ಹಾಗಾಗಿ ಈ ವರದಿಗಾರನ ಅಭಿಪ್ರಾಯ ಸ್ಪಷ್ಟ: ಕಾನ್ಪುರದ ಹಳೆಯ ಮಾದರಿಯ ರಿವಾಲ್ವರ್ ಕೊರೆಸುವ ಯೋಚನೆಯನ್ನೇ ಬಿಡುವುದು ಲೇಸು. ಅದು ಮನೆಯ ಹತ್ತಿರದ ಲೇತ್ ಅಂಗಡಿಯ ಕೆಲಸ ಖಂಡಿತ ಅಲ್ಲ. ಬಂದೂಕಿನ ದುರಸ್ತಿ, ಮಾರ್ಪಾಡುಗಳಿಗೆ ಆಯುಧ ಕಾಯ್ದೆಯ 5ನೇ ಕಲಂ ಅಡಿ ಪರವಾನಗಿ ಪಡೆದವರು ಮಾತ್ರ ಕೈಹಾಕಬಹುದು. 2023ರಲ್ಲಿ ಕಾನ್ಪುರದಿಂದಲೇ ಬಂದ 'ಪ್ರಬಲ್' ಎಂಬ .32 ರಿವಾಲ್ವರ್‌ನಲ್ಲಿ ಸಿಲಿಂಡರ್ ಪಕ್ಕಕ್ಕೆ ಹೊರಳುತ್ತದೆ. ಆಯುಧ ಇಬ್ಭಾಗವಾಗುವ ಪ್ರಮೇಯವಿಲ್ಲ. ಆದರೆ ಅಲ್ಲಿಯೂ ನಳಿಕೆ ಗಿಡ್ಡವೇ, ಉದ್ದೇಶ ಆತ್ಮರಕ್ಷಣೆಯೇ.

ಅಳವಡಿಸಿದ ಮೇಲೂ ಕೆಲಸ ಮುಗಿಯುವುದಿಲ್ಲ. ರಿವಾಲ್ವರ್ ಸಿಡಿದಾಗ ಗುಂಡು ನಳಿಕೆ ಬಿಡುವ ಮೊದಲೇ ಮೂತಿ ಮೇಲಕ್ಕೆ ಏಳತೊಡಗುತ್ತದೆ. ಇದನ್ನು ಸರಿದೂಗಿಸಲು ತಯಾರಕರು ಮುಂದಿನ ಮೊನೆಯನ್ನು ಎತ್ತರವಾಗಿಟ್ಟು, ನಳಿಕೆ ತುಸು ಕೆಳಮುಖವಾಗಿರುವಂತೆ ಮಾಡಿರುತ್ತಾರೆ. ಚುಕ್ಕೆಗೆ ಈ ಲೆಕ್ಕ ತಿಳಿಯದು. ಇದರ ಜೊತೆಗೆ ಗುಂಡಿನ ಇಳಿತ. ಸೆಕೆಂಡಿಗೆ 220 ಮೀಟರ್ ವೇಗದ ಗುಂಡು 25 ಮೀಟರ್ ಕ್ರಮಿಸುವಷ್ಟರಲ್ಲಿ ಆರು ಸೆಂ.ಮೀ.ಗೂ ಹೆಚ್ಚು ಕೆಳಗಿಳಿದಿರುತ್ತದೆ. ಆದ್ದರಿಂದ ಯಾವ ದೂರದಲ್ಲಿ ಅಭ್ಯಾಸವೋ ಅದೇ ದೂರದಲ್ಲಿ, ಅದೇ ಬಗೆಯ ಗುಂಡಿನಿಂದ ಹೊಂದಾಣಿಕೆ ಮಾಡಿಕೊಳ್ಳಬೇಕು. ಕೈಗೆ ಆಸರೆ ಕೊಟ್ಟು ಐದು ಗುಂಡು ಹಾರಿಸಿ, ಆ ಐದರ ನಡುಬಿಂದು ಎಲ್ಲಿದೆ ನೋಡಿ, ಆಮೇಲೆ ತಿರುಪು ತಿರುಗಿಸಬೇಕು. ಒಂದು ಗುಂಡನ್ನು ನಂಬಿ ತಿರುಗಿಸಿದರೆ ದಿನವಿಡೀ ತಿರುಗಿಸುತ್ತಲೇ ಇರಬೇಕಾದೀತು. ಒಂದು ಎಂಒಎ ತಿರುಪಿನ ಪ್ರತಿ 'ಟಿಕ್' 25 ಮೀಟರಿನಲ್ಲಿ 7 ಮಿ.ಮೀ. ಸರಿಸುತ್ತದೆ.

ರಿವಾಲ್ವರ್‌ಗೇ ವಿಶಿಷ್ಟವಾದ ಇನ್ನೊಂದು ಉಪದ್ರವವಿದೆ. ಸಿಲಿಂಡರಿಗೂ ನಳಿಕೆಗೂ ನಡುವಿನ ಕೂದಲೆಳೆ ಸಂದಿನಿಂದ ಪ್ರತಿ ಸಲವೂ ಬಿಸಿ ಅನಿಲ, ಸೀಸದ ಕಣ, ಮಸಿ ಹೊರಚಿಮ್ಮುತ್ತವೆ. ಗಾಜು ಇರುವುದು ಅದರ ನೆತ್ತಿಯ ಮೇಲೆಯೇ. ಕೆಲವು ಸುತ್ತು ಹಾರಿಸುವಷ್ಟರಲ್ಲಿ ಚುಕ್ಕೆ ಮಂಕಾಗುವುದುಂಟು. ಒರೆಸಲು ಅಂಗಿಯ ತುದಿಯನ್ನು ಬಳಸಿದರೆ ಲೇಪನಕ್ಕೆ ಗೀರು ಬೀಳುವುದು ಖಚಿತ.

ಸ್ಪರ್ಧೆಗೆ ಬಾಗಿಲು ಮುಚ್ಚಿದೆ

ಇಷ್ಟೆಲ್ಲ ಮಾಡಿ ಸ್ಪರ್ಧೆಗೆ ಹೋದರೆ? ಒಲಿಂಪಿಕ್ಸ್, ಏಷ್ಯನ್ ಕ್ರೀಡಾಕೂಟಗಳಿಗೆ ಅನ್ವಯಿಸುವ ಅಂತರರಾಷ್ಟ್ರೀಯ ನಿಯಮದಲ್ಲಿ ಪಿಸ್ತೂಲ್ ವಿಭಾಗಕ್ಕೆ ತೆರೆದ ಗುರಿದರ್ಶಕ ಮಾತ್ರ ಅನುಮತಿ. ದೂರದರ್ಶಕ, ಕನ್ನಡಿ, ಲೇಸರ್, ಎಲೆಕ್ಟ್ರಾನಿಕ್ ಚುಕ್ಕೆ ಎಲ್ಲವೂ ನಿಷಿದ್ಧ. ಗುರಿಕಾರ ಕನ್ನಡಕ ಧರಿಸಬಹುದು, ಆಯುಧ ಧರಿಸುವಂತಿಲ್ಲ ಎಂದು ಇದನ್ನು ಸಂಕ್ಷೇಪಿಸಬಹುದು.

ವಿಪರ್ಯಾಸವೆಂದರೆ ರಿವಾಲ್ವರ್‌ಗಾಗಲೀ .32 ಗುಂಡಿಗಾಗಲೀ ಅಲ್ಲಿ ನಿಷೇಧವಿಲ್ಲ. ಸೆಂಟರ್ ಫೈರ್ ಸ್ಪರ್ಧೆಯ ಬೋರ್ ಮಿತಿ 7.62ರಿಂದ 9.65 ಮಿ.ಮೀ.; ವಿಶ್ವದ ಶ್ರೇಷ್ಠ ಗುರಿಕಾರರು ಇಲ್ಲಿ ಬಳಸುವುದು ಬಹುತೇಕ .32 ಗುಂಡನ್ನೇ. ಹಗುರ ಒದೆತ, ನಿಖರ ಹಾರಾಟ ಅದರ ಗುಣ. 2006ರ ದೋಹಾ ಏಷ್ಯಾಡ್‌ನಲ್ಲಿ ಜಸ್ಪಾಲ್ ರಾಣಾ 590 ಅಂಕ ಗಳಿಸಿ ವಿಶ್ವದಾಖಲೆ ಸರಿಗಟ್ಟಿದ್ದು ಇದೇ ಸ್ಪರ್ಧೆಯಲ್ಲಿ, ತೆರೆದ ಗುರಿದರ್ಶಕದಿಂದ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದ 50 ಮೀಟರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದಾಗ ಅವರ ವಯಸ್ಸು ಮೂವತ್ತೆಂಟರ ಆಸುಪಾಸು. ಅಲ್ಲಿಯೂ ಕಚ್ಚು, ಮೊನೆ ಅಷ್ಟೇ. ಕರ್ನಾಟಕದ ಟಿ.ಎಸ್. ದಿವ್ಯಾ 2023ರಲ್ಲಿ ಬಾಕು ವಿಶ್ವಕಪ್‌ನ ಮಿಶ್ರ ಏರ್ ಪಿಸ್ತೂಲಿನಲ್ಲಿ ಸರಬ್ಜೋತ್ ಸಿಂಗ್ ಜೊತೆ ಚಿನ್ನ ಗೆದ್ದದ್ದೂ ಹಾಗೆಯೇ.

ಹಾಗಾದರೆ ಚುಕ್ಕೆಯಿಂದ ಪ್ರಯೋಜನವೇ ಇಲ್ಲವೇ? ಇದೆ, ಅದು ಶಿಕ್ಷಕನ ರೂಪದಲ್ಲಿ. ಕಚ್ಚು-ಮೊನೆಯಲ್ಲಿ ಕೈನಡುಕ ಅಷ್ಟಾಗಿ ಕಾಣಿಸದು. ಚುಕ್ಕೆಯಾದರೋ ಫಲಕದ ಮೇಲೆ ನೊಣದಂತೆ ಹರಿದಾಡಿ ಪ್ರತಿ ನಡುಕವನ್ನೂ ಬಯಲು ಮಾಡುತ್ತದೆ. ಹೊಸಬ ಅದು ಹತ್ತರ ಮೇಲೆ ಬಂದ ಕ್ಷಣವೇ ಟ್ರಿಗರ್ ಜಗ್ಗುತ್ತಾನೆ, ಜಗ್ಗಿದ ರಭಸಕ್ಕೆ ಗುಂಡು ಏಳರಾಚೆ ಹೋಗುತ್ತದೆ. ನಡುಕವನ್ನು ಒಪ್ಪಿಕೊಂಡು, ಚುಕ್ಕೆ ತೂಗಾಡುತ್ತಿರುವಾಗಲೇ ಟ್ರಿಗರನ್ನು ಮೆಲ್ಲನೆ ಒತ್ತುವ ಅಭ್ಯಾಸವಾದವನಿಗೆ ಮರಳಿ ಮೊನೆಗೆ ಬಂದಾಗಲೂ ಅದು ನೆರವಾಗುತ್ತದೆ.

ನರಗುಂದದ ನೆಲ, ಆಯುಧದ ಕಾನೂನು

ಕಾನೂನಿನ ಮಾತು ಈ ನೆಲಕ್ಕೆ ಹೊಸತಲ್ಲ. 1857ರ ನಿಶ್ಶಸ್ತ್ರೀಕರಣ ಕಾಯ್ದೆಗೆ ಹಲಗಲಿಯ ಬೇಡರು ಅದೇ ವರ್ಷ ಸೆಟೆದು ನಿಂತರು. ಮರುವರ್ಷ, ದತ್ತು ಹಕ್ಕು ನಿರಾಕರಣೆಯಿಂದ ಕುದಿಯುತ್ತಿದ್ದ ನರಗುಂದದ ಬಾಬಾಸಾಹೇಬ ಭಾಸ್ಕರರಾವ್ ಭಾವೆ ಬಂಡೆದ್ದರು. 1858ರ ಮೇ ತಿಂಗಳಲ್ಲಿ ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಹತನಾದ. ಜೂನ್‌ನಲ್ಲಿ ಕೋಟೆ ಬಿದ್ದು, ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. 1878ರ ವಸಾಹತು ಕಾಯ್ದೆಯನ್ನು ತೆಗೆದು ಸ್ವತಂತ್ರ ಭಾರತ ತಂದದ್ದು 1959ರ ಆಯುಧ ಕಾಯ್ದೆ. ಈಗಿನ ನಿಯಮಗಳು 2016ರವು.

ಆ ಕಾಯ್ದೆಯ 2019ರ ತಿದ್ದುಪಡಿಯ ನಂತರ ಸಾಮಾನ್ಯ ಪರವಾನಗಿದಾರ ಎರಡಕ್ಕಿಂತ ಹೆಚ್ಚು ಬಂದೂಕು ಹೊಂದುವಂತಿಲ್ಲ. ಪರವಾನಗಿಯ ಅವಧಿ ಐದು ವರ್ಷ. ಗದಗ ಜಿಲ್ಲೆಯಲ್ಲಿ ಪರವಾನಗಿ ಪ್ರಾಧಿಕಾರ ಜಿಲ್ಲಾ ದಂಡಾಧಿಕಾರಿಯಾದ ಜಿಲ್ಲಾಧಿಕಾರಿ. ಸದ್ದನ್ನೋ ಬೆಂಕಿಯ ಮಿಂಚನ್ನೋ ಅಡಗಿಸುವ ಸಾಧನವನ್ನು ಕಾಯ್ದೆ ಬಂದೂಕಿನ ವ್ಯಾಖ್ಯೆಯೊಳಗೇ ಸೇರಿಸಿದೆ. ಕೆಂಪು ಚುಕ್ಕೆಯ ಹೆಸರು ಆ ವ್ಯಾಖ್ಯೆಯಲ್ಲಿಲ್ಲ. ಹಾಗೆಂದು ಆಯುಧದ ಮೈ ಕೊರೆಯುವುದು ಬೇರೆಯೇ ವಿಷಯ.

ಹೆಚ್ಚು ಮುಖ್ಯವಾದದ್ದು ಎಲ್ಲಿ ಹಾರಿಸುವುದು ಎಂಬ ಪ್ರಶ್ನೆ. ಕೊಡಗಿನಲ್ಲಿ ಕೈಲ್ ಮುಹೂರ್ತದ ವೇಳೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಪ್ರಸಿದ್ಧ. ಆದರೆ ಅಲ್ಲಿನ ವಿನಾಯಿತಿ ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಸೀಮಿತವಾದದ್ದು, ನಮ್ಮ ಎರೆಹೊಲಗಳಿಗೆ ಅನ್ವಯಿಸದು. ಆತ್ಮರಕ್ಷಣೆಗೆಂದು ಪರವಾನಗಿ ಪಡೆದವರು ಹೊಲದ ಬದುವಿನಲ್ಲಿ ಬಾಟಲಿ ಇಟ್ಟು ಗುರಿ ನೋಡುವುದು ಪರವಾನಗಿಯನ್ನೇ ಪಣಕ್ಕಿಟ್ಟಂತೆ. ನರಗುಂದ, ರೋಣದ ಬಯಲಿನಲ್ಲಿ ತಪ್ಪಿದ ಗುಂಡನ್ನು ತಡೆಯಲು ಒಂದು ದಿನ್ನೆಯೂ ಸಿಗದ ಜಾಗಗಳೇ ಹೆಚ್ಚು. ಮದುವೆ, ಜಾತ್ರೆಗಳಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಗುರಿ ಅಭ್ಯಾಸಕ್ಕೆಂದೇ ಬಂದೂಕು ಬೇಕೆನ್ನುವವರಿಗೆ ಕಾಯ್ದೆ ತೋರಿಸುವ ದಾರಿ ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯತ್ವ.

ಅದಕ್ಕಿಂತ ಅಗ್ಗದ ದಾರಿಯೊಂದಿದೆ. ಬೋರ್ .177 ಇಂಚು ಮೀರದ, ಮೂತಿಯ ಶಕ್ತಿ 20 ಜೌಲ್ ಮೀರದ ಏರ್ ಪಿಸ್ತೂಲಿಗೆ 2016ರ ನಿಯಮಗಳಂತೆ ಪರವಾನಗಿ ಬೇಕಿಲ್ಲ. ಹತ್ತು ಮೀಟರ್ ಉದ್ದದ ಕೋಣೆ, ಗುಂಡು ತಡೆಯುವ ಗಟ್ಟಿ ಪೆಟ್ಟಿಗೆ, ಕಣ್ಣಿಗೆ ರಕ್ಷಣೆಯ ಕನ್ನಡಕ, ಬಾಗಿಲಿಗೆ ಒಳಗಿನಿಂದ ಚಿಲಕ ಇಷ್ಟಿದ್ದರೆ ಗಜೇಂದ್ರಗಡದ ಮನೆಯಲ್ಲೂ ಅಭ್ಯಾಸ ಸಾಧ್ಯ. ಹುಬ್ಬಳ್ಳಿಯ ಶ್ರೀಹರ್ಷ ದೇವರಡ್ಡಿ 2022ರಲ್ಲಿ ಫ್ರಾನ್ಸಿನ ಶಾತೊರೂ ಪ್ಯಾರಾ ವಿಶ್ವಕಪ್‌ನಲ್ಲಿ ಏರ್ ರೈಫಲ್ ಚಿನ್ನ ಗೆದ್ದು ಬಂದರು. ಅವರ ಆಯುಧವೂ ಗಾಳಿಯ ಬಲದ್ದೇ.

ಚುಕ್ಕೆಯ ರುಚಿ ನೋಡಲೇಬೇಕೆಂಬವರು ಅದನ್ನು ಇಂತಹ ಏರ್ ಪಿಸ್ತೂಲಿನ ಮೇಲೆ ನೋಡಬಹುದು. ಮೇಲ್ಪಟ್ಟಿಯಲ್ಲಿ ತೋಡು ಇರುವ ಮಾದರಿಯಾದರೆ ಏನನ್ನೂ ಕೊರೆಯಬೇಕಿಲ್ಲ, ಹಿಡಿಕೆಯ ಸ್ಕ್ರೂ ಬಿಗಿದರೆ ಸಾಕು. ಮಸಿಯ ಕಾಟವೂ ಇಲ್ಲ. ಖರೀದಿಸುವ ಮುನ್ನ ತೋಡಿನ ಅಗಲವನ್ನು ಅಳೆದುಕೊಳ್ಳಬೇಕು: ಏರ್‌ಗನ್ನುಗಳಲ್ಲಿ ಸಾಮಾನ್ಯವಾದ 11 ಮಿ.ಮೀ. ತೋಡಿಗೆ ರಿವಾಲ್ವರ್‌ಗೆಂದು ಮಾರುವ ಅಗಲ ಪಟ್ಟಿಯ ಹಿಡಿಕೆ ಕೂರುವುದಿಲ್ಲ.